ಜಾಮ್ ಆದ ಪಿನ್ನು, ಉರಿಯುವ ಕಬ್ಬಿಣ

ಜೀವನ್ ಬಿಮಾ ನಗರದ ಅಡ್ಡರಸ್ತೆಗಳಲ್ಲಿ ಹಳೇ ಮನೆ ಒಡೆದು ಹೊಸ ಕಟ್ಟಡ ಎಬ್ಬಿಸುವ ಕೆಲಸಕ್ಕೆ ಬಿಡುವೇ ಇಲ್ಲ. ಸೈಟಿಗೆ ಮೊದಲು ಬರುವುದು ಜೆಸಿಬಿ. ಪಾಯ ಆಳವಿದ್ದರೆ ದೊಡ್ಡ ಎಕ್ಸ್‌ಕವೇಟರ್. ತಯಾರಿಸಿದ ಕಂಪನಿ ಯಾವುದೇ ಇರಲಿ, ನಮ್ಮ ಜನ ಅದನ್ನು ಕರೆಯುವುದು ‘ಹಿಟಾಚಿ’ ಎಂದೇ. ಇವುಗಳ ಬಕೆಟ್ಟು, ತೋಳು, ಬೂಮು ಮಡಚಿಕೊಳ್ಳುವ ಒಂದೊಂದು ಕೀಲಿನಲ್ಲೂ ಗಟ್ಟಿ ಉಕ್ಕಿನ ಒಂದು ಪಿನ್ನು ಇರುತ್ತದೆ. ಪಿನ್ನಿನ ಸುತ್ತ ಬಳೆಯಂತೆ ಕೂರುವ ಬುಷ್, ಬುಷ್‌ನ ಸುತ್ತ ತೋಳಿನ ದಪ್ಪ ಉಕ್ಕು, ಪಿನ್ನಿಗೂ ಬುಷ್‌ಗೂ ನಡುವೆ ಗ್ರೀಸು. ಟನ್‌ಗಟ್ಟಲೆ ಮಣ್ಣೆತ್ತುವ ಯಂತ್ರದ ಭಾರವೆಲ್ಲ ಕೊನೆಗೆ ಬಂದು ಕೂರುವುದು ಈ ಪಿನ್ನುಗಳ ಮೇಲೆ.

ಮಣ್ಣೆತ್ತುವ ಯಂತ್ರಗಳ ನಂಟು ಈ ಬಡಾವಣೆಗೆ ಹೊಸದಲ್ಲ. ಪಕ್ಕದ ಹೊಸ ತಿಪ್ಪಸಂದ್ರದಲ್ಲೇ ಬಿಇಎಂಎಲ್‌ನ ಬೆಂಗಳೂರು ಕಾರ್ಖಾನೆ ಇದೆ. 1964ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಇಲ್ಲಿ ರೈಲು ಮತ್ತು ಮೆಟ್ರೊ ಬೋಗಿ ಕಟ್ಟುತ್ತದೆ. ಬುಲ್ಡೋಜರು, ಎಕ್ಸ್‌ಕವೇಟರುಗಳನ್ನು ಕೆಜಿಎಫ್‌ನಲ್ಲಿ ತಯಾರಿಸುತ್ತದೆ. ಲೇತು, ವೆಲ್ಡಿಂಗು, ಗ್ಯಾಸ್ ಕಟ್ಟಿಂಗ್ ಬಲ್ಲವರು ಬೆಂಗಳೂರಿನ ಈ ಪೂರ್ವ ಭಾಗದಲ್ಲಿ ಹೇರಳವಾಗಿದ್ದಾರೆ.

ಹೀಗಿದ್ದೂ, ಜಾಮ್ ಆದ ಒಂದು ಪಿನ್ನು ಎಂಥ ಅನುಭವಸ್ಥರನ್ನೂ ಸತಾಯಿಸುತ್ತದೆ. ಸಮ್ಮಟಿಗೆಯ ಏಟಿಗೂ ಜಾಕಿಗೂ ಅದು ಜಗ್ಗದಿದ್ದಾಗ ಯಾರೋ ಒಬ್ಬರು ‘ಥರ್ಮಲ್ ಲ್ಯಾನ್ಸ್’ ಮಾತು ತೆಗೆಯುತ್ತಾರೆ: ಒಂದು ಕಬ್ಬಿಣದ ಪೈಪು, ಒಂದು ಆಕ್ಸಿಜನ್ ಸಿಲಿಂಡರು, ಅಷ್ಟೇ ತಾನೆ, ನಾವೇ ಮಾಡಿಕೊಳ್ಳೋಣ ಎಂದು. ಈ ಉಪಕರಣದ ಹಿಂದಿನ ವಿಜ್ಞಾನ ಸರಳ. ಆದರೆ ಅದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಪಿನ್ನು ಯಾಕೆ ಹಿಡಿದುಕೊಳ್ಳುತ್ತದೆ ಎಂಬಲ್ಲಿಂದ ಶುರು ಮಾಡಬೇಕು.

ಸಂದಿನಲ್ಲಿ ಬೆಳೆಯುವ ತುಕ್ಕು

ಪಿನ್ನಿಗೂ ಬುಷ್‌ಗೂ ನಡುವೆ ಬಿಡುವ ಸಂದು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗ ಮಾತ್ರ. ಗ್ರೀಸ್ ಆರಿದ ದಿನ ಆ ಸಂದಿಗೆ ನೀರು, ಹೂಳು, ಗಾಳಿ ನುಗ್ಗುತ್ತವೆ. ಕಬ್ಬಿಣ ತುಕ್ಕಾದಾಗ ತಾನಿದ್ದಷ್ಟೇ ಜಾಗದಲ್ಲಿ ಇರುವುದಿಲ್ಲ, ಕಡಿಮೆಯೆಂದರೂ ಎರಡು ಪಟ್ಟು ಉಬ್ಬುತ್ತದೆ. ನೀರಿನಂಶ ಹೀರಿಕೊಂಡ ತುಕ್ಕಾದರೆ ಇನ್ನೂ ಹೆಚ್ಚು. ಲೆಕ್ಕ ನೋಡಿ: ಎರಡೂ ಮೈಗಳಿಂದ ತಲಾ 0.1 ಮಿ.ಮೀ. ಕಬ್ಬಿಣ ತುಕ್ಕಾದರೆ ಸಾಕು, 0.2 ಮಿ.ಮೀ. ಸಂದು ಪೂರ್ತಿ ಮುಚ್ಚಿಹೋಗುತ್ತದೆ. ಆಮೇಲೆ ಹುಟ್ಟುವ ತುಕ್ಕಿಗೆ ಜಾಗವಿಲ್ಲ, ಅದು ಎರಡೂ ಕಡೆ ಒತ್ತತೊಡಗುತ್ತದೆ.

ಈ ಒತ್ತಡ ಸಣ್ಣದಿರಬಹುದು, ಅದರ ಫಲ ಸಣ್ಣದಲ್ಲ. 80 ಮಿ.ಮೀ. ವ್ಯಾಸದ ಪಿನ್ನು 100 ಮಿ.ಮೀ. ಉದ್ದಕ್ಕೆ ಬುಷ್‌ನಲ್ಲಿ ಕೂತಿದೆ ಎನ್ನಿ. ಎರಡೂ ತಾಗುವ ಮೈ ಸುಮಾರು 25,000 ಚದರ ಮಿ.ಮೀ. ಪ್ರತಿ ಚದರ ಮಿಲಿಮೀಟರಿಗೆ ಬರೀ 1 ಕೆಜಿ ಒತ್ತಡ, ಘರ್ಷಣಾಂಕ 0.3 ಎಂದು ಹಿಡಿದರೂ ಪಿನ್ನನ್ನು ಸರಿಸಲು ಬೇಕಾಗುವ ಬಲ ಏಳೂವರೆ ಟನ್. ಸಮ್ಮಟಿಗೆಗೆ ಅದು ಮಣಿಯದಿರುವುದರಲ್ಲಿ ಆಶ್ಚರ್ಯವೇನಿದೆ?

ಸಮ್ಮಟಿಗೆಯಿಂದ ಇನ್ನೊಂದು ಉಪದ್ರವವೂ ಇದೆ. ಯಾವ ಲೋಹವನ್ನೇ ಆಗಲಿ ಉದ್ದಕ್ಕೆ ಅದುಮಿದರೆ ಅಡ್ಡಕ್ಕೆ ಉಬ್ಬುತ್ತದೆ. ಹೊಡೆದಷ್ಟೂ ಪಿನ್ನಿನ ತಲೆ ಅಣಬೆಯಂತೆ ಅರಳಿ ತೂತಿನ ಬಾಯಿಗೇ ಕಚ್ಚಿಕೊಳ್ಳುತ್ತದೆ. ಪಿನ್ನಿನ ಮೇಲ್ಮೈಯನ್ನು ಸವೆಯದಂತೆ ಗಡಸು ಮಾಡಿರುತ್ತಾರೆ. ಗಡಸು ಉಕ್ಕು ಏಟಿಗೆ ಚಕ್ಕೆಯಾಗಿ ಸಿಡಿದರೆ ಹೋಗುವುದು ಕಣ್ಣು. ಪಿನ್ನು ತುಕ್ಕಿನಿಂದ ಹಿಡಿದಿಲ್ಲ, ಒಳಗೆ ಬಾಗಿದೆ ಎಂದಾದರೆ ಎಷ್ಟು ಹೊಡೆದರೂ ಬರುವ ಮಾತೇ ಇಲ್ಲ.

ಕಾಯಿಸಿದರೆ ತೂತು ಹಿಗ್ಗುತ್ತದೆಯೇ?

ಕಾಯಿಸಿದ ಉಕ್ಕು ಹಿಗ್ಗುತ್ತದೆ, ಸರಿ. ಹಿಗ್ಗಿ ನಡುವಿನ ತೂತನ್ನು ಕಿರಿದು ಮಾಡುತ್ತದೆಯೋ ಹಿರಿದು ಮಾಡುತ್ತದೆಯೋ? ಕಿರಿದು ಮಾಡುತ್ತದೆ ಎಂದು ಹಲವರು ಹೇಳುತ್ತಾರೆ. ಹಳ್ಳಿಯ ಕಮ್ಮಾರನಿಗೆ ಉತ್ತರ ಮೊದಲೇ ಗೊತ್ತಿತ್ತು. ಎತ್ತಿನ ಗಾಡಿಯ ಮರದ ಚಕ್ರಕ್ಕಿಂತ ತುಸು ಚಿಕ್ಕದಾದ ಕಬ್ಬಿಣದ ಪಟ್ಟಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಚಕ್ರದ ಮೇಲೆ ಕೂರಿಸಿ, ನೀರು ಸುರಿದು ಬಿಗಿ ಮಾಡುತ್ತಿದ್ದ. ಬಳೆಯಾಕಾರದ ಲೋಹ ಕಾದಾಗ ಅದರ ಒಳ ಸುತ್ತಳತೆಯೂ ಬೆಳೆಯುತ್ತದೆ, ಅಂದರೆ ತೂತು ಹಿರಿದಾಗುತ್ತದೆ.

ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ ದಶಲಕ್ಷದಲ್ಲಿ 12 ಭಾಗ ಹಿಗ್ಗುತ್ತದೆ. 80 ಮಿ.ಮೀ. ತೂತಿನ ಸುತ್ತಲಿನ ಉಕ್ಕನ್ನು 300 ಡಿಗ್ರಿಯಷ್ಟು ಏರಿಸಿದರೆ ತೂತು 0.29 ಮಿ.ಮೀ. ಹಿರಿದಾಗುತ್ತದೆ. ಕಳೆದುಹೋದ ಸಂದು ಮರಳಿ ಸಿಕ್ಕಂತೆಯೇ. ಒಳಗಿನ ಪಿನ್ನು ತಣ್ಣಗೇ ಇರಬೇಕು ಎಂಬುದೊಂದೇ ಷರತ್ತು. ನಿಧಾನವಾಗಿ ಕಾಯಿಸುತ್ತ ಕೂತರೆ ಶಾಖ ಪಿನ್ನಿಗೂ ಇಳಿದು ಎರಡೂ ಒಟ್ಟಿಗೆ ಹಿಗ್ಗುತ್ತವೆ, ಮಾಡಿದ ಕೆಲಸ ವ್ಯರ್ಥ. ಹೊರಗಿನಿಂದ ಬೇಗ ಕಾಯಿಸಬೇಕು ಎನ್ನುವುದು ಇದಕ್ಕೇ. ಇದನ್ನೇ ತಿರುಗಿಸಿ ಪಿನ್ನನ್ನು ತಣ್ಣಗಾಗಿಸಬಹುದು: ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ 80 ಮಿ.ಮೀ. ಪಿನ್ನು 0.15 ಮಿ.ಮೀ. ಆಸುಪಾಸು ಕುಗ್ಗುತ್ತದೆ. ಹೊಸ ಪಿನ್ನು, ಬುಷ್ ಕೂರಿಸಲು ಕಾರ್ಖಾನೆಗಳಲ್ಲಿ ಈ ಉಪಾಯ ಬಳಕೆಯಲ್ಲಿದೆ.

ಕಾಯಿಸಿ ಆರಿಸುವುದರಿಂದ ಇನ್ನೊಂದು ಲಾಭವಿದೆ. ತುಕ್ಕು ಪೆಡಸು. ಉಕ್ಕು ಹಿಗ್ಗಿ ಕುಗ್ಗಿದಾಗ ಅದು ಬಿರುಕು ಬಿಡುತ್ತದೆ. ಆರಿದ ಮೇಲೆ ಬಿಟ್ಟ ತೆಳು ಎಣ್ಣೆ ಆ ಬಿರುಕಿನಲ್ಲಿ ಇಳಿಯುತ್ತದೆ. ಒಂದು ರಾತ್ರಿ ನೆನೆಸಿಟ್ಟು, ಮರುದಿನ ಹೈಡ್ರಾಲಿಕ್ ಪುಲ್ಲರ್‌ನಿಂದ ಒಂದೇ ಸಮನೆ ಒತ್ತಡ ಕೊಟ್ಟರೆ ಹೆಚ್ಚಿನ ಪಿನ್ನುಗಳು ಬರುತ್ತವೆ. ಹಾಗೂ ಬಾರದವುಗಳಿಗಾಗಿ ಇರುವುದು ಲ್ಯಾನ್ಸು.

ಕಬ್ಬಿಣವೇ ಸೌದೆ

ಗ್ರೈಂಡರಿನಿಂದ ಹಾರುವ ಕಿಡಿ ಬರೀ ಕಾದ ಚೂರಲ್ಲ, ಗಾಳಿಯಲ್ಲಿ ನಿಜಕ್ಕೂ ಉರಿಯುತ್ತಿರುವ ಕಬ್ಬಿಣ. ಹಾಗಿದ್ದರೆ ಕಬ್ಬಿಣದ ಸರಳು ಯಾಕೆ ಹೊತ್ತಿಕೊಳ್ಳುವುದಿಲ್ಲ? ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕ. ಅದು ಉರಿಯಲು ನೆರವಾಗುವುದಿಲ್ಲ, ಹುಟ್ಟಿದ ಶಾಖವನ್ನು ಹೊತ್ತೊಯ್ಯುತ್ತದೆ. ಮೇಲಾಗಿ ದಪ್ಪ ಲೋಹ ಶಾಖವನ್ನು ತನ್ನ ಮೈಯೊಳಗೇ ಹರಡಿಬಿಡುತ್ತದೆ. ಸಾರಜನಕ ತೆಗೆದು ಶುದ್ಧ ಆಕ್ಸಿಜನ್ ಕೊಡಿ, ಸುಮಾರು 900 ಡಿಗ್ರಿಗೆ ಕಾದ ಉಕ್ಕು ತಾನಾಗಿ ಉರಿಯತೊಡಗುತ್ತದೆ. ಒಂದು ಕೆಜಿ ಕಬ್ಬಿಣ ಉರಿದರೆ 6.7 ಮೆಗಾಜೂಲ್ ಶಾಖ. ಒಂದು ಕೆಜಿ ಕಬ್ಬಿಣ ಕರಗಲು ಬೇಕಾದದ್ದು 1.3 ಮೆಗಾಜೂಲ್ ಅಷ್ಟೇ. ಅಂದರೆ ಉರಿಯುವ ಕಬ್ಬಿಣಕ್ಕೆ, ಲೆಕ್ಕದ ಮಟ್ಟಿಗೆ, ತನ್ನ ಐದು ಪಟ್ಟು ಕಬ್ಬಿಣ ಕರಗಿಸುವ ತಾಕತ್ತಿದೆ.

ನಾವು ದಿನಾ ನೋಡುವ ಗ್ಯಾಸ್ ಕಟ್ಟಿಂಗ್ ನಡೆಯುವುದೂ ಹೀಗೆಯೇ. ಅದರಲ್ಲಿ ಜ್ವಾಲೆಯದು ಹೊತ್ತಿಸುವ ಕೆಲಸ ಮಾತ್ರ, ಕತ್ತರಿಸುವುದು ಆಮೇಲೆ ನುಗ್ಗುವ ಆಕ್ಸಿಜನ್. ಉಕ್ಕಿನಲ್ಲಿ ಹುಟ್ಟುವ ಆಕ್ಸೈಡ್ ಸುಮಾರು 1,400 ಡಿಗ್ರಿಗೇ, ಉಕ್ಕಿಗಿಂತ ಮೊದಲು, ಕರಗಿ ಹರಿದುಹೋಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಹಾಗಲ್ಲ, ಅದರ ಮೇಲೆ ಕಟ್ಟುವ ಕ್ರೋಮಿಯಂ ಆಕ್ಸೈಡ್ 2,400 ಡಿಗ್ರಿವರೆಗೂ ಕರಗುವುದಿಲ್ಲ. ಮಾಮೂಲಿ ಗ್ಯಾಸ್ ಕಟ್ಟರಿಗೆ ಸ್ಟೇನ್‌ಲೆಸ್ ಬಗ್ಗದಿರಲು ಕಾರಣ ಇದು.

ಲ್ಯಾನ್ಸು ಇದನ್ನೇ ಇನ್ನೊಂದು ಹೆಜ್ಜೆ ಮುಂದೊಯ್ಯುತ್ತದೆ. ಉಕ್ಕಿನ ಕೊಳವೆಯೊಳಗೆ ಉಕ್ಕಿನ ತಂತಿಗಳು, ಅವುಗಳ ನಡುವೆ ಆಕ್ಸಿಜನ್. ತುದಿ ಹೊತ್ತಿಕೊಂಡರೆ ಕೊಳವೆಯೇ ಸೌದೆ. ಉರಿದಂತೆ ಉರಿದಂತೆ ಗಿಡ್ಡವಾಗುತ್ತ ಹೋಗುತ್ತದೆ. ತುದಿಯ ತಾಪ 3,000 ಡಿಗ್ರಿ ದಾಟುತ್ತದೆ. ಅದರ ಮುಂದೆ ಸ್ಟೇನ್‌ಲೆಸ್, ಬೀಡು ಕಬ್ಬಿಣ, ಕಾಂಕ್ರೀಟ್ ಯಾವುದೂ ನಿಲ್ಲುವುದಿಲ್ಲ.

ಇದರ ಹುಟ್ಟು ಕಬ್ಬಿಣದ ಕುಲುಮೆಯಲ್ಲಿ. ಊದುಕುಲುಮೆಯಿಂದ ದ್ರವ ಕಬ್ಬಿಣ ಹರಿಸುವ ತೂತು ಗಟ್ಟಿಕಟ್ಟಿದಾಗ ಅದನ್ನು ಆಕ್ಸಿಜನ್‌ನಿಂದ ಸುಟ್ಟು ತೆರೆಯುವ ವಿಧಾನವನ್ನು ಜರ್ಮನಿಯ ಎರ್ನ್‌ಸ್ಟ್ ಮೆನ್ನೆ 1901ರಲ್ಲಿ ರೂಪಿಸಿದರು. ಭದ್ರಾವತಿಯ ಕುಲುಮೆಯಿಂದ ಕಬ್ಬಿಣ ಹರಿದದ್ದು 1923ರಲ್ಲಿ. ಅಷ್ಟರಲ್ಲಿ ಈ ವಿಧಾನಕ್ಕೆ ಎರಡು ದಶಕ ತುಂಬಿತ್ತು. ಉಕ್ಕಿನ ಕಾರ್ಖಾನೆಗಳಲ್ಲಿ ಇಂದಿಗೂ ಆ ತೂತು ಮುಚ್ಚಿದ ಮಣ್ಣಿನ ಬಿರಡೆಗೆ ಡ್ರಿಲ್ ಸೋತಾಗ ಕೈಗೆ ಬರುವುದು ಆಕ್ಸಿಜನ್ ಲ್ಯಾನ್ಸೇ.

ಜಾಮ್ ಆದ ಪಿನ್ನಿನಲ್ಲಿ ಲ್ಯಾನ್ಸು ಏನು ಮಾಡುತ್ತದೆ? ಪಿನ್ನಿನ ನಟ್ಟನಡುವೆ ಉದ್ದಕ್ಕೂ ತೂತು ಸುಡುತ್ತದೆ. ತೂತು ಬಿದ್ದ ಕೂಡಲೇ ಪಿನ್ನು ಉದುರುವುದಿಲ್ಲ, ಫಲ ಸಿಗುವುದು ಆರಿದ ಮೇಲೆ. ಕೆಂಪಗೆ ಕಾದು ಮೆತ್ತಗಾದ ಪಿನ್ನು ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣನೆ ಉಕ್ಕು ಬಿಡುವುದಿಲ್ಲ. ಹೊರಗೆ ಹಿಗ್ಗಲಾರದ ಲೋಹ ಒಳಗಿನ ಖಾಲಿ ಜಾಗಕ್ಕೆ ಸರಿಯುತ್ತದೆ. ಆರುವಾಗ ಮಾತ್ರ ಕುಗ್ಗಲು ಅಡ್ಡಿಯಿಲ್ಲ, ಮೊದಲಿದ್ದುದಕ್ಕಿಂತ ಸಣ್ಣದಾಗಿ ಗೋಡೆ ಬಿಡುತ್ತದೆ. ಹಿಡಿದುಕೊಂಡ ಬುಷ್‌ನ ಒಳಮೈಗೆ ವೆಲ್ಡಿಂಗ್ ಗೆರೆ ಎಳೆದು ಆರಲು ಬಿಟ್ಟರೆ ಬುಷ್ ಸಡಿಲವಾಗುವುದೂ ಇದೇ ನಿಯಮದಿಂದ. ವೆಲ್ಡರುಗಳಿಗೆ ಈ ಉಪಾಯ ಚೆನ್ನಾಗಿ ಗೊತ್ತು. ಎಷ್ಟೋ ಸಲ ಲ್ಯಾನ್ಸಿನ ಅಗತ್ಯವನ್ನೇ ಅದು ತಪ್ಪಿಸುತ್ತದೆ.

ಮನೆಯಲ್ಲಿ ಯಾಕೆ ಬೇಡ

ತತ್ವ ಸರಳವಾದ ಮಾತ್ರಕ್ಕೆ ಕೆಲಸ ಸರಳವಲ್ಲ. ಮೊದಲನೆಯದು ಗ್ರೀಸು. ಒತ್ತಡದ ಶುದ್ಧ ಆಕ್ಸಿಜನ್ ಎಣ್ಣೆಗೆ, ಗ್ರೀಸಿಗೆ ತಾಗಿದರೆ ಬೆಂಕಿಕಡ್ಡಿಯೇ ಬೇಡ. ನಾವು ಬಿಚ್ಚಲು ಹೊರಟಿರುವುದಾದರೋ ಗ್ರೀಸು ತುಂಬಲೆಂದೇ ಮಾಡಿದ ಕೀಲನ್ನು. ಗ್ರೀಸಿನ ದಾರಿಗೆಂದು ಒಳಗೆ ಕೊರೆದ ಪಿನ್ನು ಎರಡೂ ಕಡೆ ಕಟ್ಟಿಕೊಂಡಿದ್ದರೆ, ಕಾಯಿಸಿದಾಗ ಒಳಗೆ ಸಿಕ್ಕಿಬಿದ್ದ ಆವಿ ಪಿನ್ನನ್ನೇ ಗುಂಡಿನಂತೆ ಎಸೆಯಬಲ್ಲದು. ಪಕ್ಕದಲ್ಲೇ ಹೈಡ್ರಾಲಿಕ್ ಸಿಲಿಂಡರು, ಎಣ್ಣೆ ತುಂಬಿದ ಹೋಸುಗಳು. ಸೀಲುಗಳಲ್ಲಿ ವೈಟಾನ್‌ನಂಥ ಫ್ಲೋರಿನ್‌ಯುಕ್ತ ರಬ್ಬರ್ ಇದ್ದರೆ ಸುಟ್ಟಾಗ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ. ಅದು ಚರ್ಮದೊಳಗೆ ಇಳಿದು ಮೂಳೆಯ ತನಕ ಹೋಗುವ ಆಮ್ಲ.

ಎರಡನೆಯದು ಕೊಳವೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಜಿಐ ಪೈಪಿನ ಮೇಲೆ ಸತುವಿನ ಲೇಪವಿದೆ. ಅದು ಉರಿದ ಹೊಗೆ ಕುಡಿದವರಿಗೆ ಕೆಲವು ಗಂಟೆಯಲ್ಲಿ ಚಳಿಜ್ವರ ಬರಬಹುದು. ತಂತಿಗಳು ಸರಿಯಾಗಿ ಕೂರದೆ ಆಕ್ಸಿಜನ್ ಹರಿವು ತಡವರಿಸಿದರೆ ಬೆಂಕಿ ಕೊಳವೆಯೊಳಗೆ ಹಿಂದಕ್ಕೆ, ಹಿಡಿದ ಕೈಯತ್ತ ಬರಬಹುದು. ಕಾರ್ಖಾನೆಯಲ್ಲಿ ಮಾಡಿದ ಲ್ಯಾನ್ಸಿನ ಹಿಡಿಕೆಯಲ್ಲಿ ಇದನ್ನು ತಡೆಯುವ ವ್ಯವಸ್ಥೆ ಇರುತ್ತದೆ.

ಮೂರನೆಯದು ಜಾಗ. ಒಂದು ಕೆಜಿ ಕಬ್ಬಿಣ ಉರಿಯಲು ಕನಿಷ್ಠ 290 ಲೀಟರ್ ಆಕ್ಸಿಜನ್ ಬೇಕು. ಬಳಕೆಯಲ್ಲಿ ಇದರ ಎಷ್ಟೋ ಪಟ್ಟು ಸುತ್ತಲ ಗಾಳಿಗೆ ಸೇರುತ್ತದೆ. ಗಾಳಿಯಲ್ಲಿ 21 ಭಾಗವಿರುವ ಆಕ್ಸಿಜನ್ 24 ಭಾಗ ದಾಟಿದರೆ ತೊಟ್ಟ ಬಟ್ಟೆ ಒಂದೇ ಕಿಡಿಗೆ ಧಗ್ಗನೆ ಹೊತ್ತಿಕೊಳ್ಳುತ್ತದೆ. ಕರಗಿದ ಲೋಹ ಕಾಂಕ್ರೀಟ್ ನೆಲಕ್ಕೆ ಬಿದ್ದರೆ ಒಳಗಿನ ತೇವ ಆವಿಯಾಗಿ ನೆಲವೇ ಸಿಡಿಯುತ್ತದೆ. ಕಿಡಿ ಹಾರುವ ಕೆಲಸದ ಸುತ್ತ 35 ಅಡಿವರೆಗೆ ಉರಿಯುವ ವಸ್ತು ಇರಬಾರದು ಎಂಬುದು ಅಗ್ನಿಸುರಕ್ಷೆಯಲ್ಲಿ ಒಪ್ಪಿತವಾದ ಅಳತೆ. ಜೀವನ್ ಬಿಮಾ ನಗರದ 30×40 ಸೈಟಿನ ಅಗಲವೇ 30 ಅಡಿ. ಮಧ್ಯದಲ್ಲಿ ನಿಂತರೂ ಆ 35 ಅಡಿಯೊಳಗೆ ಪಕ್ಕದ ಮನೆಯ ಕಿಟಕಿ ಪರದೆ, ಅಡುಗೆಮನೆಯ ಸಿಲಿಂಡರು, ಬೀದಿಯಲ್ಲಿ ನಿಂತ ಕಾರು ಎಲ್ಲವೂ ಬರುತ್ತವೆ.

ಇಷ್ಟೆಲ್ಲ ದಾಟಿ ಪಿನ್ನು ಬಂತೆಂದೇ ಇಟ್ಟುಕೊಳ್ಳಿ. ಆಸುಪಾಸಿನ ಉಕ್ಕು ಮಿತಿಮೀರಿ ಕಾದಿದ್ದರೆ ಬುಷ್‌ನ ಗಡಸು ಇಳಿದಿರುತ್ತದೆ. ತಿಕ್ಕಿ ಹೊಳೆಯಿಸಿದ ಜಾಗದಲ್ಲಿ ಇದನ್ನು ಕಣ್ಣಾರೆ ನೋಡಬಹುದು: ಉಕ್ಕು 220 ಡಿಗ್ರಿಗೆ ಒಣಹುಲ್ಲಿನ ಹಳದಿ, 300ರ ಹೊತ್ತಿಗೆ ನೀಲಿ ಬಣ್ಣಕ್ಕೆ ತಿರುಗುತ್ತದೆ. ನೀಲಿಗಟ್ಟಿದ ಬುಷ್ ಬದಲಿಸಲೇಬೇಕು. ತೋಳಿನ ತೂತು ಕೆಟ್ಟಿದ್ದರೆ ಅದನ್ನು ಮತ್ತೆ ಕೊರೆದು ಸರಿಪಡಿಸುವ ಲೈನ್ ಬೋರಿಂಗ್ ಖರ್ಚು ಬೇರೆ.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಪಿನ್ನು ಬಾಗಿದೆಯೇ ನೋಡಿ. ಎಣ್ಣೆ ಬಿಟ್ಟು ನೆನೆಯಲು ಸಮಯ ಕೊಡಿ. ಹೈಡ್ರಾಲಿಕ್ ಪುಲ್ಲರ್ ಬಾಡಿಗೆಗೆ ತನ್ನಿ. ಕಾಯಿಸುವ, ಸುಡುವ ಕೆಲಸ ಬಂದರೆ ಅದರ ಕಸುಬುದಾರರನ್ನೇ ಕರೆಸಿ, ಯಂತ್ರವನ್ನು ಬಯಲಿಗೆ ಸಾಗಿಸಿ. ಇದೆಲ್ಲಕ್ಕಿಂತ ಅಗ್ಗದ ದಾರಿ ಯಂತ್ರದ ಕೈಪಿಡಿಯಲ್ಲೇ ಇದೆ. ಬಕೆಟ್ಟಿನ ಪಿನ್ನುಗಳಿಗೆ ಪ್ರತಿ 10 ಗಂಟೆ ದುಡಿಮೆಗೊಮ್ಮೆ ಗ್ರೀಸ್ ಹೊಡೆಯಿರಿ ಎಂದು ಹಲವು ಕಂಪನಿಗಳು ಹೇಳುತ್ತವೆ. ಸಂಜೆ ಕೀಲಿ ತೆಗೆಯುವ ಮುನ್ನ ಆಪರೇಟರ್ ಕೈಗೆ ಗ್ರೀಸ್ ಗನ್ ಕೊಡಿ. ಹಳೇ ಗ್ರೀಸು ಕೆಸರಿನ ಸಮೇತ ಅಂಚಿನಿಂದ ಹೊರಬರುವವರೆಗೂ ಹೊಡೆಯಲಿ. ಆ ಪಿನ್ನಿಗೆ ಲ್ಯಾನ್ಸು ಬೇಕಾಗುವ ದಿನ ಬರುವುದಿಲ್ಲ.