ಹತ್ತು ಕಿಲೊ ಬೆಲ್ಲಕ್ಕೆ ಸಾರಾಯಿ ಎಷ್ಟು?



ನಾವು ಕಳ್ಳಭಟ್ಟಿ ಎನ್ನುವುದನ್ನು ನಮ್ಮ ಮರಾಠಿ ನೆರೆಯವರು ಹಾತಭಟ್ಟಿ ಎನ್ನುತ್ತಾರೆ. ಹೆಸರು ಯಾವುದೇ ಇರಲಿ, ಮಾರುವವರ ಮಾತು ಒಂದೇ: “ಇದು ಶುದ್ಧ ಬೆಲ್ಲದ್ದು, ಏನೂ ಆಗುವುದಿಲ್ಲ.” ಯಳವಿಯಂಥ ಊರಿನ ರೈತನಿಗೆ ಬೆಲ್ಲದ ಲೆಕ್ಕ ಹೊಸದಲ್ಲ. ಆ ಲೆಕ್ಕದಿಂದಲೇ ಈ ಮಾತನ್ನು ಪರೀಕ್ಷಿಸೋಣ.

ಕೊಳೆ ಹಾಕಿದಾಗ ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಬಿಡುತ್ತದೆ. ಸಕ್ಕರೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಗಾಳಿಗೆ ಹೋಗುತ್ತದೆ. ಒಂದು ಕಿಲೊ ಸಕ್ಕರೆಯಿಂದ ಒಂದಿಷ್ಟೂ ನಷ್ಟವಾಗದಿದ್ದರೂ ಸಿಗುವ ಮದ್ಯಸಾರ ಸುಮಾರು 680 ಮಿಲಿಲೀಟರ್. ಇದಕ್ಕಿಂತ ಹೆಚ್ಚು ತೆಗೆಯುವುದು ಯಾವ ಕೈಚಳಕಕ್ಕೂ ಸಾಧ್ಯವಿಲ್ಲ.

ಈಗ 10 ಕಿಲೊ ಬೆಲ್ಲ ತೆಗೆದುಕೊಳ್ಳಿ. ಅದರಲ್ಲಿ ಸಕ್ಕರೆ 8 ಕಿಲೊ ಎಂದು ಹಿಡಿಯೋಣ. ಹೆಚ್ಚೆಂದರೆ 5.4 ಲೀಟರ್ ಮದ್ಯಸಾರ ಬರಬೇಕು. ಹುಳಿಯುವಾಗ ಸ್ವಲ್ಪ, ಕಾಯಿಸುವಾಗ ಸ್ವಲ್ಪ ನಷ್ಟವಾಗಿ ಕೈಗೆ ಬರುವುದು ಸುಮಾರು 4 ಲೀಟರ್. ಅದನ್ನು ಶೇಕಡಾ 40ರ ಸಾರಾಯಿ ಎಂದು ಎಣಿಸಿದರೆ 10 ಲೀಟರ್. ಅಂದರೆ ಕಿಲೊ ಬೆಲ್ಲಕ್ಕೆ ಒಂದು ಲೀಟರ್.

ಹಾಗಾದರೆ ಅಷ್ಟೇ ಬೆಲ್ಲಕ್ಕೆ 20 ಲೀಟರ್ ಮಾರುವವನು ಏನು ಮಾಡಿರಬೇಕು? ನೀರು ಬೆರೆಸಿದರೆ ಅಮಲು ಅರ್ಧವಾಗುತ್ತದೆ, ಗಿರಾಕಿ ಮತ್ತೆ ಬರುವುದಿಲ್ಲ. ಲೀಟರು ಹೆಚ್ಚಿದ್ದು ಅಮಲೂ ಕಡಿಮೆಯಾಗದಿದ್ದರೆ, ಅದು ಬೆಲ್ಲದಿಂದ ಬಂದದ್ದಲ್ಲ, ಹೊರಗಿನಿಂದ ಬೆರೆಸಿದ್ದು. ಅಪಾಯ ಇರುವುದು ಇಲ್ಲಿಯೇ. ಕಾರ್ಖಾನೆಗಳ ಬಳಕೆಯ ಮೆಥನಾಲ್ ನೋಡಲು ಮದ್ಯಸಾರದಂತೆಯೇ ಇರುತ್ತದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ, 2008ರ ಮೇ ತಿಂಗಳಲ್ಲಿ ಕರ್ನಾಟಕ-ತಮಿಳುನಾಡು ಗಡಿಭಾಗದಲ್ಲಿ ನೂರಕ್ಕೂ ಹೆಚ್ಚು ಜನ, 2015ರ ಜೂನ್‌ನಲ್ಲಿ ಮುಂಬೈಯ ಮಾಲವಣಿಯಲ್ಲಿ ಮತ್ತೆ ನೂರಕ್ಕೂ ಹೆಚ್ಚು ಜನ ವಿಷಮದ್ಯಕ್ಕೆ ಬಲಿಯಾದರು. ಸತ್ತವರಲ್ಲಿ ಹೆಚ್ಚಿನವರು ದುಡಿದು ತಿನ್ನುವ ಬಡವರು.

ಲೆಕ್ಕ ಸರಿಹೊಂದಿತೆಂದು ಕುಡಿಯಬಹುದೆಂದಲ್ಲ. ಲೀಟರು ಸರಿಯಿದ್ದರೂ ಒಳಗೆ ಏನಿದೆಯೆಂದು ಯಾರೂ ಹೇಳಲಾರರು. ಬೆಂಕಿ ಹಚ್ಚಿ ಜ್ವಾಲೆಯ ಬಣ್ಣ ನೋಡುವುದು, ಮೂಸಿ ನೋಡುವುದು, ಮೊದಲು ಬಂದ ಲೋಟ ಚೆಲ್ಲುವುದು, ಇವು ಯಾವುವೂ ನಂಬತಕ್ಕ ಪರೀಕ್ಷೆಗಳಲ್ಲ. ಕೊಳೆಗೆ ನವಸಾಗರ ಹಾಕುವ ರೂಢಿಯೂ ಇದೆ, ಅದು ಆಹಾರವಲ್ಲ. ಪರವಾನಗಿಯಿಲ್ಲದೆ ಭಟ್ಟಿ ಇಳಿಸುವುದು ಮಹಾರಾಷ್ಟ್ರದಲ್ಲಿ 1949ರ ಮದ್ಯನಿಷೇಧ ಕಾಯ್ದೆಯ ಪ್ರಕಾರವೂ, ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರವೂ ಅಪರಾಧ.

ಮೆಥನಾಲ್ ಹೊಟ್ಟೆಗೆ ಹೋದ ಕೂಡಲೇ ಗೊತ್ತಾಗುವುದಿಲ್ಲ. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಕೆಡಿಸಲು ಹಲವು ಗಂಟೆ, ಕೆಲವೊಮ್ಮೆ ಒಂದು ದಿನ ಬೇಕು. ಮರುದಿನ ಹೊಟ್ಟೆನೋವು, ವಾಂತಿ, ಏದುಸಿರು, ಕಣ್ಣು ಮಂಜಾಗುವುದು ಕಂಡರೆ “ನಿನ್ನೆಯದು ಇಳಿದಿಲ್ಲ” ಎಂದು ಮಲಗಿಸಬೇಡಿ. ಮಜ್ಜಿಗೆ, ನಿಂಬೆಹಣ್ಣು ಇದಕ್ಕೆ ಮದ್ದಲ್ಲ. 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಏನು ಕುಡಿದರೆಂದು ವೈದ್ಯರಿಗೆ ಮುಚ್ಚಿಡದೆ ಹೇಳಿರಿ. ಪ್ರತಿವಿಷವೂ ರಕ್ತ ಶುದ್ಧೀಕರಿಸುವ ಡಯಾಲಿಸಿಸ್ಸೂ ಇವೆ. ಬೇಗ ತಲುಪಿದರೆ ಜೀವ ಉಳಿಯಬಹುದು, ಕಣ್ಣೂ ಉಳಿಯಬಹುದು. ಜೊತೆಯಲ್ಲಿ ಕುಡಿದವರನ್ನೂ, ಅವರು ಚೆನ್ನಾಗಿ ಕಂಡರೂ, ಕರೆದೊಯ್ಯಿರಿ.

ರೈತರು ಇನ್ನೊಂದು ಲೆಕ್ಕ ನೋಡಬೇಕು. ಒಂದು ಲೀಟರ್ ಸಾರಾಯಿಯ ಆವಿಯನ್ನು ತಣಿಸಲು ಸುಮಾರು 10 ಲೀಟರ್ ತಣ್ಣೀರು ಬೇಕು. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ಜತ್ತ ಸೀಮೆಯಲ್ಲಿ ಇದು ಚಿಕ್ಕ ಖರ್ಚಲ್ಲ. 50 ಲೀಟರ್ ಕೊಳೆಯಿಂದ 10 ಲೀಟರ್ ತೆಗೆದರೆ 40 ಲೀಟರ್ ಹುಳಿನೀರು ಉಳಿಯುತ್ತದೆ. ಹಳ್ಳಕ್ಕೆ, ಬಾವಿಯ ಬದಿಗೆ ಚೆಲ್ಲಿದರೆ ಅದು ನೀರಿನಲ್ಲಿರುವ ಪ್ರಾಣವಾಯುವನ್ನು ಹೀರಿ ನೀರನ್ನು ಕೆಡಿಸುತ್ತದೆ. ಇನ್ನು ಸೌದೆಯ ಮಾತು ಬೇರೆ.

ಕಡೆಯ ಲೆಕ್ಕ ಮನೆಯದು. ಒಂದು ಕ್ವಾರ್ಟರ್ ಎಂದರೆ 180 ಮಿಲಿಲೀಟರ್. ಅದರ ಹಿಂದೆ 180 ಗ್ರಾಂ ಬೆಲ್ಲ ಇದೆ. ದಿನಕ್ಕೊಂದರಂತೆ ತಿಂಗಳಿಗೆ ಐದು ಕಿಲೊಗೂ ಮಿಕ್ಕಿ ಬೆಲ್ಲ ಮಕ್ಕಳ ತಟ್ಟೆಗೆ ಬಾರದೆ ಭಟ್ಟಿಗೆ ಹೋಗುತ್ತದೆ. ಮದ್ಯದಲ್ಲಾಗಲಿ ಔಷಧದಲ್ಲಾಗಲಿ ಮಿತಿಮೀರಬಾರದೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ (ಸಂಖ್ಯೆ 2290) ಕಲಿಸುತ್ತದೆ. ಬಿಡಬೇಕೆಂದಿರುವವರು ಒಮ್ಮೆಲೇ ಬಿಟ್ಟು ನಡುಕ, ಫಿಟ್ಸ್ ತಂದುಕೊಳ್ಳದೆ ವೈದ್ಯರ ಸಲಹೆ ಪಡೆಯಿರಿ. ಮನಸ್ಸಿನ ತೊಂದರೆಗಳಿಗಾಗಿ ಸರ್ಕಾರ ನಡೆಸುವ ಟೆಲಿ ಮಾನಸ್ 14416ಕ್ಕೆ ಹಣ ಕೊಡದೆ ಕರೆ ಮಾಡಬಹುದು. ಕುಡಿಯುವವನನ್ನು ಬೈಯುವ ಬದಲು ಅವನ ಜೊತೆ ಆಸ್ಪತ್ರೆಯವರೆಗೆ ಹೋಗಿರಿ. ಅದೇ ನೆರೆಯವನ ಪ್ರೀತಿ.