ಶ್ವೇರೀನ್ ಸರೋವರದಲ್ಲಿ ಅಪ್ಪಯ್ಯನ ಕಿರುಬೆರಳು

ಜರ್ಮನಿಗೆ ಬರಬಯಸುವ ಕಿರಿಯ ವೈದ್ಯರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಭಾಷಾ ಪರೀಕ್ಷೆ ಹೇಗಿರುತ್ತದೆ, ನಮ್ಮ ಎಂಡಿಯನ್ನು ಅಲ್ಲಿ ಒಪ್ಪುತ್ತಾರೆಯೇ, ತಂದೆತಾಯಿಯನ್ನು ಕರೆಸಿಕೊಳ್ಳಬಹುದೇ. ಮೊದಲ ಎರಡಕ್ಕೆ ಉತ್ತರ ಕಷ್ಟವಲ್ಲ. ವೈದ್ಯಕೀಯ ಭಾಷಾ ಪರೀಕ್ಷೆಯಲ್ಲಿ ರೋಗಿಯ ಪಾತ್ರಧಾರಿಯೊಡನೆ 20 ನಿಮಿಷ ಮಾತು, 20 ನಿಮಿಷ ಬರವಣಿಗೆ, ಸಹವೈದ್ಯರೊಡನೆ 20 ನಿಮಿಷ ಚರ್ಚೆ. ಎಂಡಿಯನ್ನು ಆಯಾ ರಾಜ್ಯದ ವೈದ್ಯರ ಮಂಡಳಿ ಪ್ರತ್ಯೇಕವಾಗಿ ತೂಗಿ ನೋಡುತ್ತದೆ. ಮೂರನೆಯದಕ್ಕೂ ನನ್ನಲ್ಲಿ ಸಿದ್ಧ ಉತ್ತರವಿತ್ತು: ಷೆಂಗೆನ್ ವೀಸಾದಲ್ಲಿ 180 ದಿನಗಳೊಳಗೆ 90 ದಿನ ಇರಬಹುದು, ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಕಳೆದ ಶರತ್ಕಾಲದವರೆಗೆ ಇಷ್ಟು ಹೇಳಿ ಸುಮ್ಮನಾಗುತ್ತಿದ್ದೆ.

ನಾನಿರುವುದು ಉತ್ತರದ ಮೆಕ್ಲೆನ್‌ಬುರ್ಗ್ ಪ್ರಾಂತದ ಶ್ವೇರೀನ್‌ನಲ್ಲಿ. ಊರೆಂದರೆ ಸರೋವರ ಎಂಬಷ್ಟು ನೀರು. ದ್ವೀಪದ ಮೇಲಿನ ಅರಮನೆಯಲ್ಲಿ ಈಗ ರಾಜ್ಯದ ಶಾಸನಸಭೆ ಸೇರುತ್ತದೆ. 2024ರಲ್ಲಿ ಆ ಅರಮನೆ ಮತ್ತು ಸುತ್ತಲಿನ ಕಟ್ಟಡಗಳು ಯುನೆಸ್ಕೊ ಪಟ್ಟಿಗೆ ಸೇರಿದವು. ಸರೋವರದ ವಿಸ್ತಾರ 60 ಚದರ ಕಿಲೋಮೀಟರಿಗೂ ಮಿಗಿಲು, ಆಳ ಕೆಲವೆಡೆ 50 ಮೀಟರು ದಾಟುತ್ತದೆ. 1842ರಲ್ಲಿ ಕಟ್ಟಿದ ಪೌಲ್ಸ್‌ಡಾಮ್ ಎಂಬ ಏರಿ ಅದನ್ನು ಒಳಸರೋವರ, ಹೊರಸರೋವರ ಎಂದು ಎರಡು ಪಾಲು ಮಾಡಿದೆ.

ಅಮ್ಮ ತೀರಿಕೊಂಡ ಮರುವರ್ಷ ಆಗಸ್ಟ್ ಕೊನೆಯಲ್ಲಿ ಅಪ್ಪಯ್ಯ ಇಲ್ಲಿಗೆ ಬಂದರು. ವಯಸ್ಸು 79, ಇಪ್ಪತ್ತು ವರ್ಷಗಳ ಮಧುಮೇಹ. ತೀರ್ಥಹಳ್ಳಿಯ ಸಮೀಪ ತುಂಗೆಯ ಬದಿಯಲ್ಲಿ ನಮ್ಮ ಮನೆ. ಬಿದಿರ ಕೋಲು, ಬೆಂಡು, ಎರೆಹುಳು, ಇಷ್ಟರಿಂದಲೇ ಅವರು ನನಗೆ ಗಾಳ ಹಾಕುವುದನ್ನು ಕಲಿಸಿದ್ದರು. ಮಲೆನಾಡಿನವರಿಗೆ ಈ ಹುಚ್ಚು ಹೊಸದಲ್ಲ. ಮೂಡಿಗೆರೆಯ ತೇಜಸ್ವಿಯವರಿಗೂ ಅದು ಇತ್ತೆಂಬುದು ಓದುಗರಿಗೆ ಗೊತ್ತು. ಆದರೆ ಇಲ್ಲಿಗೆ ಬಂದ ಅಪ್ಪಯ್ಯ ಕಿಟಕಿಯ ಬಳಿ ಕುಳಿತರೆ ಏಳುತ್ತಿರಲಿಲ್ಲ. ಹದಿನಾರರ ನನ್ನ ಮಗನ ಕನ್ನಡ ‘ಊಟ ಆಯ್ತಾ ಅಜ್ಜಯ್ಯ’ ಎಂಬಲ್ಲಿಗೆ ಮುಗಿಯುತ್ತದೆ. ಅಜ್ಜನನ್ನು ನೀರಿಗೆ ಕರೆದೊಯ್ಯೋಣ ಎಂದವನು ಅವನೇ.

ಇಲ್ಲಿ ಗಾಳ ಹಾಕುವುದಕ್ಕೂ ಪರೀಕ್ಷೆಯಿದೆ ಎಂದರೆ ಊರಿನ ಬಂಧುಗಳು ನಗುತ್ತಾರೆ. ಆದರೆ ಇದು ನಗೆಯ ಮಾತಲ್ಲ. ಮೀನುಗಾರಿಕೆಯ ಪರವಾನಗಿ ರಾಜ್ಯಗಳ ವಿಷಯ. ಅದರ ಮೇಲೆ ಆಯಾ ನೀರಿನ ಒಡೆತನ ಇದ್ದವರಿಂದ ಪ್ರತ್ಯೇಕ ಚೀಟಿ ಬೇಕು. ಎರಡನೆಯದಿಲ್ಲದೆ ಪರರ ನೀರಿನಲ್ಲಿ ಮೀನು ಹಿಡಿದರೆ ದಂಡಸಂಹಿತೆಯ ಪ್ರಕಾರ ಅಪರಾಧ. ಮಗನೂ ನಾನೂ ಒಂದೇ ಬೆಂಚಿನಲ್ಲಿ ಕುಳಿತು ಪರೀಕ್ಷೆ ಬರೆದಿದ್ದೆವು. ಅವನಿಗೆ ನನಗಿಂತ ಹೆಚ್ಚು ಅಂಕ ಬಂದಿತೆಂಬುದನ್ನು ಮನೆಯಲ್ಲಿ ಆಗಾಗ ನೆನಪಿಸಲಾಗುತ್ತದೆ. ಅತಿಥಿಗಳಿಗಾಗಿ ನಮ್ಮ ರಾಜ್ಯದಲ್ಲಿ ಒಂದು ಅನುಕೂಲವಿದೆ. ಪರೀಕ್ಷೆಯಿಲ್ಲದೆ 28 ದಿನಗಳ ಪ್ರವಾಸಿ ಪರವಾನಗಿ ಸಿಗುತ್ತದೆ. ಜೊತೆಗೆ ನಿಯಮಗಳ ಕಿರುಪುಸ್ತಿಕೆ ಕೊಡುತ್ತಾರೆ. ಅಪ್ಪಯ್ಯನ ಹೆಸರಿನಲ್ಲಿ ಅದನ್ನು ಮಾಡಿಸಿದೆ. ‘ಎಂಬತ್ತರ ಹತ್ತಿರ ಬಂದ ಮೇಲೆ ಮೀನು ಹಿಡೀಲಿಕ್ಕೆ ಲೈಸೆನ್ಸು!’ ಎಂದು ಅವರು ಆ ಕಾಗದವನ್ನು ಕನ್ನಡಕ ಏರಿಸಿ ಎರಡು ಸಲ ನೋಡಿದರು. ಇಲ್ಲಿಗೆ ಬಂದ ಮೇಲೆ ಅವರ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು.

ನಾವು ಹುಡುಕಿ ಹೋದ ಮೀನು ಬಾರ್ಶ್. ಬೆನ್ನು ಸ್ವಲ್ಪ ಡುಬ್ಬ, ಹಸಿರು ಮೈಮೇಲೆ ಕಪ್ಪು ಅಡ್ಡಪಟ್ಟಿಗಳು, ಕೆಳಗಿನ ರೆಕ್ಕೆಗಳು ಕೆಂಪು. ಇದನ್ನು 2023ರಲ್ಲಿ ಜರ್ಮನಿಯ ‘ವರ್ಷದ ಮೀನು’ ಎಂದು ಆರಿಸಿದ್ದರು. ಮುಂದಿನ ಬೆನ್ನುರೆಕ್ಕೆಯ ತುಂಬ ಮುಳ್ಳು. ಈ ಮುಳ್ಳಿನ ಮಾತು ಮುಂದೆ ಬರುತ್ತದೆ. ಅಮೆರಿಕದ ಬಂಧುಗಳು ಕ್ರ್ಯಾಪಿ ಎಂಬ ಮೀನಿಗೆ ಬಳಸುವ ಹಗುರ ಸಲಕರಣೆಯನ್ನೇ ನಾವಿಲ್ಲಿ ಬಾರ್ಶ್‌ಗೆ ಬಳಸುತ್ತೇವೆ. ಎರಡು ಮೀಟರಿನ ಒಳಗಿನ ತೆಳು ಕೋಲು, ಅಂಗೈಯಲ್ಲಿ ಅಡಗುವ ರೀಲು, 0.08 ಮಿಲಿಮೀಟರಿನ ಹೆಣೆದ ದಾರ, ಅದರ ತುದಿಗೆ ಎರಡು ಮೂರು ಗ್ರಾಂ ತೂಕದ ಗುಂಡು ಕೂಡಿದ ಕೊಕ್ಕೆ, ಆ ಕೊಕ್ಕೆಗೆ ಚುಚ್ಚಿದ ಕಿರುಬೆರಳುದ್ದದ ರಬ್ಬರ್ ಮೀನು. ದಾರಕ್ಕೂ ಕೊಕ್ಕೆಗೂ ನಡುವೆ ಕೂದಲಿನಂತಹ ಉಕ್ಕಿನ ತಂತಿಯನ್ನು ಮಗ ಮರೆಯುವುದಿಲ್ಲ. ಇದೇ ನೀರಿನಲ್ಲಿ ಹೆಕ್ಟ್ ಎಂಬ ಗರಗಸಬಾಯಿಯ ದೊಡ್ಡ ಮೀನಿದೆ. ತಂತಿಯಿಲ್ಲದಿದ್ದರೆ ಅದು ದಾರ ಕಡಿದು, ಬಾಯಲ್ಲಿ ಕೊಕ್ಕೆ ಹೊತ್ತು ಹೋಗಿ ನರಳುತ್ತದೆ.

ತುಂಗೆಯ ಬೆಂಡಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಬೆಂಡು ಮುಳುಗುವುದನ್ನು ಕಣ್ಣು ನೋಡುತ್ತದೆ, ಇಲ್ಲಿ ಬೆರಳು ಕೇಳಬೇಕು. ರಬ್ಬರ್ ಮೀನನ್ನು ತಳಕ್ಕೆ ಇಳಿಬಿಟ್ಟು, ಕೋಲಿನ ತುದಿಯನ್ನು ಒಂದು ಗೇಣು ಎತ್ತಿ, ಮತ್ತೆ ಇಳಿಯಲು ಬಿಡಬೇಕು. ಬಾರ್ಶ್ ಬಾಯಿ ಹಾಕುವುದು ಬಹುಪಾಲು ಆ ಇಳಿಯುವ ಗಳಿಗೆಯಲ್ಲಿ, ಗಾಯಗೊಂಡ ಮರಿಮೀನು ಕೆಳಗೆ ಜಾರುತ್ತಿದೆ ಎಂದು ಭಾವಿಸಿ. ದಾರದಲ್ಲಿ ಬರುವುದು ಒಂದೇ ಒಂದು ‘ಟಕ್’. ತೋರುಬೆರಳನ್ನು ದಾರಕ್ಕೆ ತಾಗಿಸಿಟ್ಟವನಿಗೆ ಮಾತ್ರ ಅದು ತಿಳಿಯುತ್ತದೆ. ಕೋಲೂ ದಾರವೂ ಇಷ್ಟು ಹಗುರವಿರುವುದು ಈ ಒಂದು ಟಕ್ಕಿಗಾಗಿಯೇ. ದಪ್ಪ ಸಲಕರಣೆಯಲ್ಲಿ ಅದು ಬೆರಳನ್ನು ಮುಟ್ಟುವ ಮೊದಲೇ ಸತ್ತುಹೋಗುತ್ತದೆ.

ಮೊದಲ ಮುಂಜಾನೆ ಮಗ ಏಳು ಮೀನು ಹಿಡಿದ, ನಾನು ಮೂರು. ಅಪ್ಪಯ್ಯನಿಗೆ ಒಂದೂ ಇಲ್ಲ. ಅವರ ಕೋಲಿನ ತುದಿ ಅಲುಗುವುದನ್ನು ನಾನೇ ಎರಡು ಸಲ ಕಂಡೆ. ಅವರು ಸುಮ್ಮನೆ ನೀರು ನೋಡುತ್ತಿದ್ದರು. ವಯಸ್ಸು, ಹೊಸ ಸಲಕರಣೆ, ಅಭ್ಯಾಸವಿಲ್ಲ ಎಂದುಕೊಂಡೆ. ವೈದ್ಯನಾದವನು ತನ್ನ ಮನೆಯವರ ವಿಷಯದಲ್ಲಿ ಎಷ್ಟು ಬೇಗ ಸಮಾಧಾನ ಹೇಳಿಕೊಳ್ಳುತ್ತಾನೆ ಎಂಬುದು ಪಠ್ಯಪುಸ್ತಕದಲ್ಲಿಲ್ಲ.

ಮೂರನೆಯ ಸಲ ಹೋದಾಗ ಮಗ ಹಿಡಿದ ಬಾರ್ಶ್ ಒಂದನ್ನು ಕೊಕ್ಕೆಯಿಂದ ಬಿಡಿಸಲು ಅಪ್ಪಯ್ಯ ಹಳೆಯ ರೂಢಿಯಂತೆ ಕೈಚಾಚಿದರು. ಮೀನು ಕೊಸರಿತು. ಅವರ ಬಲಗೈಯ ತೋರುಬೆರಳಿನಿಂದ ರಕ್ತ ಇಳಿದು ಮಣಿಕಟ್ಟಿಗೆ ಹರಿಯುತ್ತಿತ್ತು. ಅವರು ಅದನ್ನು ಗಮನಿಸದೆ ಮೊಮ್ಮಗನೊಡನೆ ಮೀನಿನ ಬಣ್ಣದ ಮಾತಾಡುತ್ತಿದ್ದರು. ಬೆರಳ ತುದಿಯಲ್ಲಿ ಮುಳ್ಳು ಮುರಿದು ನಿಂತಿತ್ತು.

‘ಅಪ್ಪಯ್ಯ, ನೋವಾಗ್ತಿಲ್ವಾ?’

‘ಎಂತದ್ದು?’ ಎಂದು ಕೈ ನೋಡಿಕೊಂಡರು. ಬಳಿಕ ನನ್ನ ಮುಖ ನೋಡಿದರು. ‘ಎರಡು ವರ್ಷ ಆಯ್ತು ಮಾರಾಯ. ಅಡಿಕೆ ಸುಲಿಯೋವಾಗ ಕೈ ಜೋಮು ಹಿಡೀತಿತ್ತು. ರಾತ್ರಿ ಎದ್ದು ಕೊಡವಿಕೊಂಡ್ರೆ ಸರಿಯಾಗ್ತಿತ್ತು. ಈಗ ಕೊಡವಿದ್ರೂ ಇಲ್ಲ.’

‘ಫೋನಿನಲ್ಲಿ ಒಂದು ಮಾತು ಹೇಳಲಿಲ್ಲ.’

‘ಫೋನಿನಲ್ಲಿ ನೀನು ಶುಗರ್ ಎಷ್ಟು ಅಂತ ಕೇಳ್ತಿದ್ದೆ, ಹೇಳ್ತಿದ್ದೆ. ಬೆರಳು ಹೇಗಿದೆ ಅಂತ ಕೇಳಲಿಲ್ಲ.’

ಅದು ಆಕ್ಷೇಪಣೆಯ ಧ್ವನಿಯಾಗಿರಲಿಲ್ಲ. ಪ್ರತಿ ಭಾನುವಾರ ತಪ್ಪದೆ ವಿಡಿಯೊ ಕರೆ ಮಾಡುವ ಮಗ ನಾನು. ಪರದೆಯಲ್ಲಿ ಮುಖ ಕಾಣುತ್ತದೆ, ಕೈ ಕಾಣುವುದಿಲ್ಲ.

ದಂಡೆಯ ಮೇಲೆಯೇ ಅವರ ಎರಡೂ ಮಣಿಕಟ್ಟುಗಳನ್ನು ಮಡಿಸಿ ಹಿಡಿಸಿ ಒಂದು ನಿಮಿಷ ಎಣಿಸತೊಡಗಿದೆ. ಅರ್ಧ ನಿಮಿಷದೊಳಗೆ ಜೋಮು ಏರಿತು. ಹೆಬ್ಬೆರಳಿನ ಬುಡದ ಮಾಂಸ ಬಲಗೈಯಲ್ಲಿ ಬತ್ತಿತ್ತು. ಮಣಿಕಟ್ಟಿನ ಅಡ್ಡಪಟ್ಟಿಯ ಕೆಳಗೆ ಹಾದುಬರುವ ಮೀಡಿಯನ್ ನರ ಅದುಮಿಹೋಗುವ ಕಾರ್ಪಲ್ ಟನಲ್ ತೊಂದರೆ ಇದು, ಮಧುಮೇಹಿಗಳಲ್ಲಿ ಹೆಚ್ಚು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ ಈ ನರಕ್ಕೆ ಸೇರಿದವು. ಕಿರುಬೆರಳಿನ ನರ ಬೇರೆ, ಅದರ ದಾರಿಯೂ ಬೇರೆ. ಹುಲ್ಲುಕಡ್ಡಿಯಿಂದ ಮುಟ್ಟಿ ನೋಡಿದೆ. ಎರಡೂ ಕೈಗಳ ಕಿರುಬೆರಳು ಸ್ಪಷ್ಟವಾಗಿ ಹೇಳುತ್ತಿತ್ತು.

ಇದನ್ನು ಮಗನಿಗೆ ಜರ್ಮನ್‌ನಲ್ಲಿ ವಿವರಿಸಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ ಅಜ್ಜನನ್ನು ಮರದ ಕಟ್ಟೆಯ ತುದಿಗೆ ಕರೆದೊಯ್ದ. ಅಲ್ಲಿ ಎಸೆಯುವ ಅಗತ್ಯವಿಲ್ಲ. ಕಂಬಗಳ ಪಕ್ಕ ನೇರವಾಗಿ ಇಳಿಬಿಟ್ಟರೆ ಸಾಕು, ಬಿದಿರ ಕೋಲಿನಂತೆಯೇ. ನೀರು ಮೂರು ನಾಲ್ಕು ಮೀಟರು. ಆಳಕ್ಕೆ ಅವನು ಹೋಗುವುದೇ ಇಲ್ಲ. ಹತ್ತಾರು ಮೀಟರಿನಿಂದ ಎಳೆದ ಬಾರ್ಶ್‌ನ ಗಾಳಿಚೀಲ ಉಬ್ಬಿ, ಸಣ್ಣದೆಂದು ಮರಳಿ ಬಿಟ್ಟರೂ ಬದುಕದು. ಬಲಗೈಯಲ್ಲಿ ಕೋಲು ಕೊಟ್ಟು, ರೀಲಿನ ಮುಂದಿನ ದಾರವನ್ನು ಅಜ್ಜನ ಎಡಗೈಯ ಕಿರುಬೆರಳಿನ ಮೇಲೆ ಹಾಯಿಸಿದ. ‘ಇಲ್ಲಿ ಕೇಳು, ಅಜ್ಜಯ್ಯ’ ಎಂದ.

ಹತ್ತು ನಿಮಿಷವಾಗಿರಬಹುದು. ಅಪ್ಪಯ್ಯನ ಕೋಲು ಒಮ್ಮೆಲೇ ಮೇಲೆದ್ದಿತು. ನಾವಿಬ್ಬರೂ ಏನನ್ನೂ ಕಂಡಿರಲಿಲ್ಲ. ಟಕ್ ಬಂದದ್ದು ಅವರ ಬೆರಳಿಗೆ ಮಾತ್ರ. ಮೇಲೆ ಬಂದ ಬಾರ್ಶ್ ಒಂದು ಗೇಣಿಗಿಂತ ಉದ್ದವಿತ್ತು. ಪಕ್ಕದ ವೃದ್ಧರೊಬ್ಬರು ಟೋಪಿ ಎತ್ತಿ ‘ಪೆಟ್ರಿ ಹೈಲ್’ ಎಂದರು. ಮೀನುಗಾರ ಸಂತ ಪೀಟರನ ಹೆಸರಿನ ಈ ಹಾರೈಕೆಗೆ ‘ಪೆಟ್ರಿ ಡಾಂಕ್’ ಎಂದು ಮರುನುಡಿಯಬೇಕು. ಅಪ್ಪಯ್ಯ ಕೈಮುಗಿದರು, ಅದೂ ನಡೆಯಿತು.

ಮುಂದಿನ ಕೆಲಸ ಓದುಗರಿಗೆ ಹಿತವಾಗದಿರಬಹುದು, ಆದರೂ ಹೇಳಬೇಕು. ಸಕಾರಣವಿಲ್ಲದೆ ಪ್ರಾಣಿಗೆ ನೋವು ಕೊಡಬಾರದೆಂಬುದು ಈ ದೇಶದ ಪ್ರಾಣಿರಕ್ಷಣಾ ಕಾಯಿದೆಯ ಮೊದಲ ಕಲಮಿನಲ್ಲಿಯೇ ಇದೆ. ತಿನ್ನುವುದು ಸಕಾರಣ, ಬರಿಯ ಮೋಜು ಅಲ್ಲ. ಆದುದರಿಂದ ಚಿತ್ರ ತೆಗೆದು ಬಿಟ್ಟುಬಿಡುವ ಆಟಕ್ಕಾಗಿ ಗಾಳ ಹಾಕುವಂತಿಲ್ಲ. ಇಟ್ಟುಕೊಳ್ಳುವ ಮೀನನ್ನು ಮೊದಲು ತಲೆಗೆ ಹೊಡೆದು ಪ್ರಜ್ಞೆ ತಪ್ಪಿಸಿ, ಒಡನೆಯೇ ಹೃದಯಕ್ಕೆ ಇರಿಯಬೇಕು. ಬುಟ್ಟಿಯಲ್ಲಿ ಒದ್ದಾಡಲು ಬಿಡುವುದು ಅಪರಾಧ. ನಾವು ತುಂಗೆಯ ದಂಡೆಯಲ್ಲಿ ಹಾಗೆಯೇ ಬಿಡುತ್ತಿದ್ದೆವು. ಅಪ್ಪಯ್ಯ ಎಲ್ಲವನ್ನೂ ಕೇಳಿ, ‘ಚಿಪ್ಪಲಗುಡ್ಡೆಯಲ್ಲಿ ದೇವರ ಮೀನು ಅಂತ ಮುಟ್ಟೋದಿಲ್ಲ. ಇಲ್ಲಿ ಮುಟ್ಟಬಹುದು, ಆದ್ರೆ ಲೆಕ್ಕ ಕೊಡ್ಬೇಕು’ ಎಂದರು. ಕಿರುಪುಸ್ತಿಕೆಗಿಂತ ಇದು ಚೆನ್ನಾಗಿದೆ ಎಂದು ನನಗನ್ನಿಸಿತು. ಆ ಮೀನನ್ನು ಮಗನೇ ಕೊಂದ. ಕೈ ನಡುಗದೆ, ಬೇಗ.

ಮೊದಲೇ ಇದ್ದ ಕಾಯಿಲೆಗೆ ಪ್ರಯಾಣ ವಿಮೆ ಸಾಮಾನ್ಯವಾಗಿ ಒದಗುವುದಿಲ್ಲ. ಕರೆಸಿಕೊಳ್ಳುವವರು ಇದನ್ನು ತಿಳಿದಿರಬೇಕು. ರಾತ್ರಿಗೆ ಮಣಿಕಟ್ಟಿನ ಪಟ್ಟಿ ಕೊಂಡುತಂದೆ; ಶಿವಮೊಗ್ಗದ ಸಹಪಾಠಿಯೊಬ್ಬರಿಗೆ ಫೋನ್ ಮಾಡಿ, ಅಪ್ಪಯ್ಯ ಮರಳಿದ ವಾರದಲ್ಲಿಯೇ ನರಪರೀಕ್ಷೆ ಗೊತ್ತುಮಾಡಿದೆ. ಬಲಗೈಯ ಶಸ್ತ್ರಚಿಕಿತ್ಸೆ ಡಿಸೆಂಬರಿನಲ್ಲಿ ಆಯಿತು. ರಾತ್ರಿಯ ಜೋಮು ಹೋಗಿದೆ. ಬತ್ತಿದ ಮಾಂಸ ತುಂಬುವ ಭರವಸೆ ನನಗಿಲ್ಲ. ಎರಡು ವರ್ಷ ತಡವಾಗಿದೆ.

ಪ್ರವಾಸಿ ಪರವಾನಗಿಯ ಉಳಿದ ದಿನಗಳಲ್ಲಿ ಅಜ್ಜನೂ ಮೊಮ್ಮಗನೂ ಹದಿನಾಲ್ಕು ಸಲ ಕಟ್ಟೆಗೆ ಹೋದರು, ಬಹುಪಾಲು ನನ್ನನ್ನು ಬಿಟ್ಟು. ಮಗನ ಕನ್ನಡಕ್ಕೆ ಕೊಕ್ಕೆ, ಬೆಂಡು, ಜೋಮು, ಕಿರುಬೆರಳು ಎಂಬ ಪದಗಳು ಸೇರಿದವು. ಈಗ ಭಾನುವಾರದ ಕರೆಯಲ್ಲಿ ಅವನು ಮೊದಲು ಹೇಳುವುದು, ‘ಅಜ್ಜಯ್ಯ, ಕೈ ತೋರ್ಸು.’ ಅಪ್ಪಯ್ಯ ಫೋನನ್ನು ಅಡಿಕೆ ಚೀಲಕ್ಕೆ ಒರಗಿಸಿ, ಎರಡೂ ಕೈಗಳನ್ನು ಪರದೆಯ ಮುಂದೆ ಚಾಚಿ, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಚ್ಚುತ್ತಾರೆ.