ಪಕ್ಕದ ಪದದಿಂದ ಜಾರಿ ಬಂದ ‘ನ’

ಇಲಿಯಡ್‌ನ 2ನೇ ಕಾಂಡ ಶುರುವಾಗುವುದೇ ನಿದ್ದೆಗೆಟ್ಟ ದೇವರಿಂದ. ಲೋಕವೆಲ್ಲ ಮಲಗಿದೆ, ಸ್ಯೂಸ್‌ಗೆ ಮಾತ್ರ ಕಣ್ಣು ಹತ್ತದು. ಅಖಿಲೀಸನ ಮಾನ ಉಳಿಸುವುದು ಹೇಗೆಂಬ ಚಿಂತೆ. ಹತ್ತಿರ ಸುಳಿಯದ ಆ ನಿದ್ದೆಗೆ ಹೋಮರ್ ಕೊಟ್ಟ ವಿಶೇಷಣ ‘ನೇದುಮೊಸ್’. ಅವನ ಕಾವ್ಯದಲ್ಲಿ ಈ ಪದ ನಿದ್ದೆಯನ್ನು ಬಿಟ್ಟು ಅತ್ತಿತ್ತ ಹೋಗುವುದಿಲ್ಲ.

ಕ್ರಿ.ಪೂ. 2ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿ ಹೋಮರನ ಪಾಠ ಪರಿಷ್ಕರಿಸಿದವನು ಅರಿಸ್ಟಾರ್ಕಸ್. ಅವನ ಪಂಥದವರ ಪ್ರಕಾರ ‘ನೇ’ ಎಂದರೆ ‘ಇಲ್ಲ’, ಉಳಿದದ್ದು ‘ಕಳಚು’ ಎಂಬ ಧಾತು. ಅಂದರೆ ಬಿಡಿಸಿಕೊಂಡು ಏಳಲಾಗದ ಗಾಢನಿದ್ದೆ! ಕೇಳಲು ಚೆಂದ, ಬುಡವಿಲ್ಲ. ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಸಿಮೊನಿಡೀಸ್, ಆಂಟಿಮಾಕಸ್‌ರಂಥ ಹೋಮರನ ನಂತರದ ಕವಿಗಳು ‘ನ’ ಬಿಟ್ಟು ‘ಹೇದುಮೊಸ್’ ಎನ್ನುತ್ತಾರೆಂದು ಅರಿಸ್ಟಾರ್ಕಸನೇ ಗುರುತಿಸಿದ್ದ. ಬೀಗದ ಕೈ ಹಿಡಿದುಕೊಂಡೇ ಗೋಡೆ ತಡವಿದ ಮಹಾಪಂಡಿತ! ದನ ಕದ್ದು ಬಂದು ತೊಟ್ಟಿಲಲ್ಲಿ ಕಳ್ಳನಿದ್ದೆ ಹೂಡುವ ಕೂಸು ಹರ್ಮಿಸ್‌ನ ಪುರಾತನ ಸ್ತುತಿಯಲ್ಲೂ ಹೇದುಮೊಸ್ ಎಂದೇ ಇದೆ. ಅರ್ಥ, ಸಿಹಿಯಾದದ್ದು. ಸಂಸ್ಕೃತದ ‘ಸ್ವಾದು’ವಿನ ದಾಯಾದಿ.

ಗಂಟು ಬಿಡಿಸಿದ್ದು ಬರ್ಲಿನ್ನಿನ ಫಿಲಿಪ್ ಬಟ್‌ಮನ್, 1818ರಲ್ಲಿ ಬಂದ ‘ಲೆಕ್ಸಿಲೋಗುಸ್’ನಲ್ಲಿ. ಸ್ವಾದುವಿನ ವಕಾರ ಹಳೆಯ ಗ್ರೀಕಿನಲ್ಲೂ ಇತ್ತು. ಅಯೋನಿಯದ ಗಾಯಕರ ನಾಲಗೆಯಿಂದ ಅದು ಉದುರಿತು, ಅಲ್ಲಿ ಹಕಾರವೂ ನಿಲ್ಲಲಿಲ್ಲ. ‘ಎಖೆ ವೇದುಮೊಸ್’ ಎಂದು ಹಾಡುತ್ತಿದ್ದಲ್ಲಿ ಈಗ ಎರಡು ಸ್ವರ ಡಿಕ್ಕಿ ಹೊಡೆದವು. ಅದನ್ನು ತಪ್ಪಿಸಲು ‘ಎಖೆ’ ಎಂಬ ಕ್ರಿಯಾಪದದ ತುದಿಗೆ ‘ನ್’ ಸೇರಿಸಿದರು, ಗ್ರೀಕಿನಲ್ಲಿ ಅದಕ್ಕೆ ಅವಕಾಶವಿದೆ. ‘ಎಖೆನ್ ಏದುಮೊಸ್’ ಎಂದು ಒಂದೇ ಉಸಿರಿನಲ್ಲಿ ಹಾಡಿ ನೋಡಿ: ಕಿವಿಗೆ ಬೀಳುವುದು ‘ಎಖೆ ನೇದುಮೊಸ್’. ಬರೆದುಕೊಂಡಾಗಲೂ ಪದಗಳ ನಡುವೆ ಜಾಗ ಬಿಡುವ ರೂಢಿ ಇರಲಿಲ್ಲ. ಹೀಗೆ ಪಕ್ಕದ ಪದದ ಬಾಲ ಇದರ ತಲೆಯಾಯಿತು.

ಕಳೆದುಹೋದ ವಕಾರದ ಜಾಡನ್ನು ಹೋಮರನ ಛಂದಸ್ಸಿನಲ್ಲಿ ಮೊದಲು ಹಿಡಿದವನು ಕೇಂಬ್ರಿಜ್‌ನ ರಿಚರ್ಡ್ ಬೆಂಟ್ಲಿ, 18ನೇ ಶತಮಾನದ ಆರಂಭದಲ್ಲಿ. ಆಮೇಲೆ ವಕಾರ ಮರಳಿಸುವುದು ಕೆಲವರಿಗೆ ಹುಚ್ಚಾಯಿತು. ರಿಚರ್ಡ್ ಪೇನ್ ನೈಟ್ 1820ರಲ್ಲಿ ಅಚ್ಚು ಹಾಕಿಸಿದ ಹೋಮರನಲ್ಲಿ ವಕಾರಗಳನ್ನು ಎಷ್ಟು ತುರುಕಿದನೆಂದರೆ ಇಲಿಯಡ್‌ನ ಹೆಸರೇ ಗುರುತು ಸಿಗದಂತಾಯಿತು.

ಇಂಥ ದುರಸ್ತಿ ನನಗೆ ಒಗ್ಗದು, ಕಾರಣ ಹೋಮರನಲ್ಲೇ ಇದೆ. ಒಡಿಸ್ಸಿಯ 13ನೇ ಕಾಂಡದಲ್ಲಿ ಇಥಾಕಕ್ಕೆ ಹೊರಟ ಹಡಗಿನಲ್ಲಿ ಒಡಿಸ್ಯೂಸ್ ಸಾವಿನಂಥ ನಿದ್ದೆಗೆ ಜಾರುತ್ತಾನೆ. ಅಲ್ಲಿಯೂ ನೇದುಮೊಸ್ ಇದೆ, ಆದರೆ ಹಿಂದಿನ ಪದ ಮುಗಿಯುವುದು ಸ್ವರದಲ್ಲಿ. ಸಾಲ ಕೊಡಲು ಪಕ್ಕದಲ್ಲಿ ‘ನ್’ ಇಲ್ಲ. ಅಷ್ಟರೊಳಗೆ ಹಾಡುಗಾರರಿಗೆ ಅದು ಸ್ವಂತ ಪದವೇ ಆಗಿಬಿಟ್ಟಿತ್ತು.